ಹೃದಯದ ವಾಲ್ವಿಗೂ ‘ಕಸಿ’ ಅನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಮುಂಬೈನ ಪವಾಯಿಯ ಐಐಟಿಯಲ್ಲಿ ಬಯೋಎಂಜಿನಿಯರಿಂಗ್ ಓದುತ್ತಿರುವ ನಮ್ಮ ಅಣ್ಣನ ಮಗಳು ಮಾಟುಂಗಾದಲ್ಲಿ ಕನ್ನಡದವರ ಮುಂದೆ ತನ್ನ ವಿಷಯ ಮಾತಾಡಬೇಕು. ಬರೆದದ್ದನ್ನು ತಿದ್ದಿಕೊಡಿ ಚಿಕ್ಕಪ್ಪಾ ಅಂತ ಕಳಿಸಿದ್ದಾಳೆ. ಇಂಪ್ಲಾಂಟ್ (ಚಿಕಿತ್ಸೆಗಾಗಿ ದೇಹದೊಳಗೆ ಕೂರಿಸುವ ವಸ್ತು) ಬರುವಲ್ಲೆಲ್ಲ ‘ಕಸಿ’ ಅಂತ ಹಾಕಿದ್ದಾಳೆ. ನನಗೆ ಅದು ಒಪ್ಪುತ್ತಿಲ್ಲ.

ಕಿಡ್ನಿಗಾದರೆ ಸರಿ. ಜೀವ ಇರುವುದನ್ನು ಜೀವ ಇರುವುದಕ್ಕೆ ಕೂಡಿಸುವುದು, ಮಾವಿಗೆ ಕಸಿ ಕಟ್ಟಿದ ಹಾಗೆ. (ಇಲ್ಲಿ ಮರಾಠಿಯಲ್ಲಿ ಹಾಪೂಸ್ ಗಿಡಕ್ಕೆ ‘ಕಲಮ್’, ಕಿಡ್ನಿಗೆ ‘ಪ್ರತ್ಯಾರೋಪಣ’. ಎರಡಕ್ಕೂ ಬೇರೆ ಬೇರೆ ಪದ.) ಆದರೆ ಅವಳ ಮುಖ್ಯ ಉದಾಹರಣೆ ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯ ಹೃದಯದ ವಾಲ್ವ್. 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದ್ದು. ಲೋಹದ ಚೌಕಟ್ಟು, ಒಳಗೆ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ. ರಕ್ತ ನುಗ್ಗಿದಾಗ ಬಿಲ್ಲೆ ವಾಲಿ ದಾರಿ ಬಿಡುತ್ತದೆ, ರಕ್ತ ಹಿಂದೆ ಸರಿಯಲು ನೋಡಿದರೆ ಮುಚ್ಚಿಕೊಳ್ಳುತ್ತದೆ. ದಿನಕ್ಕೆ ಸುಮಾರು 1 ಲಕ್ಷ ಸಲ! ಬಿಲ್ಲೆ ಸವೆಯಬಾರದು, ಸುತ್ತ ರಕ್ತ ಹೆಪ್ಪುಗಟ್ಟಬಾರದು. ಎಂಜಿನಿಯರುಗಳ ತಲೆನೋವೆಲ್ಲ ಅಲ್ಲೇ. ಇದಕ್ಕೆ ಕಸಿ ಅಂದರೆ ಕೇಳುವವರು ‘ಯಾರದ್ದು ತೆಗೆದು ಹಾಕಿದ್ರು?’ ಅಂತಾರೆ. ಗುಳಿಗೆಯೂ ಬೇರೆ ಬೇರೆ. ಕಿಡ್ನಿ ಹಾಕಿಸಿಕೊಂಡವರಿಗೆ ದೇಹ ಅದನ್ನು ಹೊರಗಿನದೆಂದು ತಿರಸ್ಕರಿಸದ ಹಾಗೆ, ಈ ವಾಲ್ವಿನವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ.

ಅವಳು ಬಿಡಲಿಲ್ಲ. ಹಂದಿಯ ವಾಲ್ವೂ ಹಾಕ್ತಾರಲ್ಲ, ಅದು? ಅದನ್ನು ರಾಸಾಯನಿಕದಲ್ಲಿ ಹದ ಮಾಡಿರುತ್ತಾರೆ, ಜೀವ ಉಳಿದಿರುವುದಿಲ್ಲ ಅಂದೆ. ಹಾಗಾದರೆ ಹಲ್ಲಿನ ಜಾಗದಲ್ಲಿ ಕೂರಿಸುವ ಟೈಟೇನಿಯಂ ತಿರುಪು? ಅಂದಳು. ಅಪ್ಪಟ ಲೋಹ, ಆದರೆ ದವಡೆಯ ಎಲುಬು ಬೆಳೆದು ಅದನ್ನು ಹಿಡಿದುಕೊಳ್ಳುತ್ತದೆ. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಹಾಕಿದ್ದು ಇಂಥದ್ದನ್ನೇ. ಇದಕ್ಕೆ ಕಸಿ ಅಂದರೆ ತಕರಾರು ತೆಗೆಯುವುದು ಕಷ್ಟ, ಅಲ್ವಾ?

ಪತ್ರಿಕೆಗಳ ‘ಅಳವಡಿಸು’ ಕ್ರಿಯಾಪದವಾಗಿ ಪರವಾಗಿಲ್ಲ. ನಮ್ಮವರು ‘ಸ್ಟೆಂಟ್ ಹಾಕಿಸಿದ್ದಾರೆ’, ‘ಕಾಲಿಗೆ ರಾಡ್ ಕೂರಿಸಿದ್ದಾರೆ’ ಅಂತಾರೆ. ನನಗೆ ಅದೇ ಜಾಸ್ತಿ ಇಷ್ಟ. ಬೇಕಿರುವುದು ಆ ವಸ್ತುವಿಗೊಂದು ಹೆಸರು. ಸುಮ್ನೆ ‘ಒಳಗೂರಿಕೆ’ ಅಂತ ಕಟ್ಟಿದೆ, ಹುಡುಗಿ ನಕ್ಕುಬಿಟ್ಟಳು. ‘ದೇಹದೊಳಗಿನ ಸಾಧನ’ ಅಂದರೆ ನುಂಗುವ ಕ್ಯಾಮರಾ ಗುಳಿಗೆಯೂ ಅದರಲ್ಲೇ ಸೇರಿಬಿಡುತ್ತದೆ.

ಊರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ ಹೇಳಿ, ರೋಗಿಗಳ ಹತ್ತಿರ ನೀವು ಏನಂತೀರಿ? ಇಂಪ್ಲಾಂಟ್ ಅಂತಲೇ ಇರಲಿ ಅನ್ನುವವರೂ ಬರೆಯಿರಿ. ಆದರೆ ಆ ಟೈಟೇನಿಯಂ ಹಲ್ಲಿಗೆ ಕಸಿ ನಡೆಯುತ್ತದೋ ಇಲ್ಲವೋ, ಅದನ್ನೂ ಹೇಳಬೇಕು.