ದಡದಿಂದ ಮೀನಿಗೆ ಗಾಳ ಎಸೆಯಲು ಒಂದೇ ಬೈಟ್‌ಕಾಸ್ಟಿಂಗ್ ರೀಲ್ ಯಾವುದು? ಎದುರು ಗಾಳಿಗೆ ದಾರ ಸಿಕ್ಕಾಗುತ್ತಿದೆ

ಪ್ರಶ್ನೆ (ಬೇಲೂರು)

ಎಲ್ಲರಿಗೂ ನಮಸ್ಕಾರ. ಮೀನು ಹಿಡಿಯಲು ನಾಲ್ಕು ವರ್ಷ ಸ್ಪಿನ್ನಿಂಗ್ ರೀಲ್ (ಗಾಳದ ದಾರ ಸುತ್ತುವ ಸಾಧನ) ಬಳಸಿ, ಈಚೆಗೆ ಸ್ನೇಹಿತರೊಬ್ಬರಿಂದ ಹಳೆಯ ಬೈಟ್‌ಕಾಸ್ಟಿಂಗ್ ರೀಲ್ ಒಂದನ್ನು ಪಡೆದುಕೊಂಡಿದ್ದೇನೆ. ಅದಕ್ಕೆ 7 ಅಡಿಯ ಮೀಡಿಯಂ ಹೆವಿ ರಾಡ್ ಜೋಡಿಸಿ, 40 ಪೌಂಡ್ ಎಳೆತ ತಾಳುವ ಬ್ರೇಡ್ (ಹೆಣೆದ) ದಾರ ಸುತ್ತಿದ್ದೇನೆ. ಯಗಚಿ ಹಿನ್ನೀರಿನ ದಡದಲ್ಲಿ ಮುರಲ್ ಮೀನಿಗೆಂದು 14 ಗ್ರಾಂನ ಕಪ್ಪೆ ಲ್ಯೂರ್ (ಕಪ್ಪೆಯಾಕಾರದ ಕೃತಕ ಆಮಿಷ) ಎಸೆದರೆ ಪರವಾಗಿಲ್ಲ, ಆದರೆ 5 ಗ್ರಾಂನ ಚಿಕ್ಕ ಲ್ಯೂರ್ ಎಸೆದಾಗಲೂ ಎದುರು ಗಾಳಿ ಬೀಸಿದಾಗಲೂ ಸ್ಪೂಲ್ (ದಾರ ಸುತ್ತಿದ ಉರುಳೆ) ಮೇಲೆ ದಾರವೆಲ್ಲ ಉಬ್ಬಿ ಸಿಕ್ಕಾಗುತ್ತದೆ. ಒಮ್ಮೆಯಂತೂ ಸಿಕ್ಕು ಬಿಡಿಸಲಾಗದೆ ಇಪ್ಪತ್ತು ಮೀಟರಿನಷ್ಟು ದಾರ ಕತ್ತರಿಸಬೇಕಾಯಿತು. ಅಂಗಡಿಯವರು ಹತ್ತು ಬೇರಿಂಗ್ ಇರುವ, 8:1 ವೇಗದ (ಹಿಡಿಕೆಯ ಒಂದು ತಿರುವಿಗೆ ಸ್ಪೂಲ್ ಎಂಟು ಸುತ್ತು), ಬಾಸ್ ಮೀನಿಗೆಂದಿರುವ ರೀಲ್ ಕೊಳ್ಳಿ ಎನ್ನುತ್ತಾರೆ. ದಡದಲ್ಲಿ ನಿಂತು ಎಲ್ಲಕ್ಕೂ ಬಳಸಬಹುದಾದ ಒಂದೇ ರೀಲ್ ಕೊಳ್ಳುವುದಾದರೆ ಯಾವುದನ್ನು ನೋಡಬೇಕು?

ಉತ್ತರ (ಚಿಕ್ಕಮಗಳೂರು)

ಹೊಸ ರೀಲ್ ಕೊಳ್ಳುವ ಮೊದಲು ದಾರ ಏಕೆ ಸಿಕ್ಕಾಗುತ್ತದೆ ಎಂಬುದು ತಮಗೆ ಸ್ಪಷ್ಟವಾಗಬೇಕು, ಏಕೆಂದರೆ ಆಯ್ಕೆಯೆಲ್ಲ ಅದರ ಮೇಲೆ ನಿಂತಿದೆ. ಸ್ಪಿನ್ನಿಂಗ್ ರೀಲ್‌ನಲ್ಲಿ ಎಸೆಯುವಾಗ ಸ್ಪೂಲ್ ಅಲುಗದೆ ನಿಂತಿರುತ್ತದೆ, ದಾರ ಮಾತ್ರ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಬೈಟ್‌ಕಾಸ್ಟಿಂಗ್ ರೀಲ್‌ನಲ್ಲಿ ಲ್ಯೂರ್ ತಾನೇ ಸ್ಪೂಲನ್ನು ತಿರುಗಿಸಬೇಕು. ಗಾಳಿಯ ತಡೆಗೆ ಲ್ಯೂರ್ ನಿಧಾನವಾದರೂ ಸ್ಪೂಲ್ ಅದೇ ವೇಗದಲ್ಲಿ ತಿರುಗುತ್ತಿದ್ದರೆ, ಹೊರಗೆ ಹೋಗುವುದಕ್ಕಿಂತ ಹೆಚ್ಚು ದಾರ ಬಿಚ್ಚಿಕೊಂಡು ಗಂಟಾಗುತ್ತದೆ. 5 ಗ್ರಾಂನ ಲ್ಯೂರ್‌ಗೆ ದಾರ ತುಂಬಿದ ಭಾರದ ಸ್ಪೂಲನ್ನು ತಿರುಗಿಸುವ ಶಕ್ತಿ ಸಾಲದು. ನಾವು ರಾಡನ್ನು ಜೋರಾಗಿ ಬೀಸಿ ಆ ಕೊರತೆಯನ್ನು ತುಂಬಲು ಹೋಗುತ್ತೇವೆ, ಆಗಲೇ ಸಿಕ್ಕು ಬೀಳುವುದು.

ಆದ್ದರಿಂದ ನನ್ನ ಖಚಿತ ಅಭಿಪ್ರಾಯ ಇದು: ದಡದಿಂದ ಎಸೆಯುವವರು ಬೇರಿಂಗ್ ಎಣಿಸಿ ರೀಲ್ ಕೊಳ್ಳಬಾರದು, ಸ್ಪೂಲ್‌ನ ವೇಗ ತಡೆಯುವ ಬ್ರೇಕ್ ನೋಡಿ ಕೊಳ್ಳಬೇಕು. ದೋಣಿಯಲ್ಲಿ ಇರುವವರು ಗಾಳಿಗೆ ಬೆನ್ನು ಮಾಡಿ ದೋಣಿಯನ್ನು ತಿರುಗಿಸಿಕೊಳ್ಳಬಲ್ಲರು. ನಮಗೆ ಹುಲ್ಲು ಪೊದೆಗಳ ನಡುವೆ ಸಿಕ್ಕ ಜಾಗವೇ ಜಾಗ, ಬಂದ ಗಾಳಿಯೇ ಗಾಳಿ. ಅಯ್ಯನಕೆರೆಯ ಏರಿಯ ಮೇಲೆ ಸಂಜೆ ಹೊತ್ತು ನಿಂತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬ್ರೇಕ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಡೈವಾ ಟಟುಲಾ, ಆಬು ಗಾರ್ಸಿಯಾ ಬ್ಲ್ಯಾಕ್ ಮ್ಯಾಕ್ಸ್ ಮುಂತಾದ ರೀಲ್‌ಗಳಲ್ಲಿ ಅಯಸ್ಕಾಂತದ ಬ್ರೇಕ್ ಇದ್ದು, ಅದನ್ನು ಹೊರಗಿನ ಡಯಲ್‌ನಿಂದಲೇ ಹೆಚ್ಚು ಕಡಿಮೆ ಮಾಡಬಹುದು. ಶಿಮಾನೊದ ಎಸ್‌ಎಲ್‌ಎಕ್ಸ್ ಸಾಲಿನ ಸಾಮಾನ್ಯ ಮಾದರಿಗಳಲ್ಲಿ ಇರುವುದು ಸ್ಪೂಲ್ ತಿರುಗುವ ರಭಸಕ್ಕೆ ಹೊರಕ್ಕೆ ಚಾಚಿ ಉಜ್ಜುವ ಸಣ್ಣ ತುಂಡುಗಳ ಬ್ರೇಕ್. ಎಸೆದ ದಾರ ದೂರ ಹೋಗುವ ಹಿತ ಎರಡನೆಯದರಲ್ಲಿ ಚೆನ್ನಾಗಿದೆ, ನನಗೂ ಅದು ಇಷ್ಟವೇ. ಆದರೆ ಹೊಸದಾಗಿ ಕಲಿಯುವವರಿಗೆ, ಗಾಳಿ ಬದಲಾದ ಕೂಡಲೇ ಬೆರಳಿನಿಂದ ಎರಡು ಗೆರೆ ತಿರುಗಿಸಿಕೊಳ್ಳಬಹುದಾದ ಹೊರ ಡಯಲ್‌ನ ರೀಲನ್ನೇ ನಾನು ಹೇಳುತ್ತೇನೆ.

ಈಗಿರುವ ರೀಲ್‌ನಲ್ಲೇ ಮೊದಲು ಇದನ್ನು ಮಾಡಿ ನೋಡಿ. ಹಿಡಿಕೆಯ ಪಕ್ಕದಲ್ಲಿರುವ ಸಣ್ಣ ಬಿಗಿ ತಿರುಪನ್ನು, ಸ್ಪೂಲ್ ಬಿಡಿಸುವ ಗುಂಡಿ ಒತ್ತಿದಾಗ 14 ಗ್ರಾಂನ ಲ್ಯೂರ್ ನಿಧಾನವಾಗಿ ಕೆಳಗಿಳಿದು, ನೆಲ ಮುಟ್ಟಿದ ಕ್ಷಣ ಸ್ಪೂಲ್ ನಿಲ್ಲುವಷ್ಟು ಬಿಗಿ ಮಾಡಿ. ಬ್ರೇಕನ್ನು ಮುಕ್ಕಾಲಿಗಿಂತ ಮೇಲಿಟ್ಟು ಆರಂಭಿಸಿ, ಕೈ ಪಳಗಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಿ. ಲ್ಯೂರ್ ನೀರು ಮುಟ್ಟುವ ಮುನ್ನ ಹೆಬ್ಬೆರಳು ಸ್ಪೂಲ್ ಮೇಲೆ ಕೂರಲೇಬೇಕು. ಇದನ್ನು ಯಾವ ಬೆಲೆಯ ರೀಲೂ ತಮಗಾಗಿ ಮಾಡುವುದಿಲ್ಲ. ಎದುರು ಗಾಳಿಯಿದ್ದಾಗ ತಲೆಯ ಮೇಲಿಂದ ಬೀಸದೆ, ಪಕ್ಕದಿಂದ ನೀರಿಗೆ ಸಮೀಪವಾಗಿ ಎಸೆಯಿರಿ. 5 ಗ್ರಾಂನ ಲ್ಯೂರ್‌ಗಳನ್ನು ದಯವಿಟ್ಟು ಹಳೆಯ ಸ್ಪಿನ್ನಿಂಗ್ ರೀಲ್‌ಗೇ ಬಿಡಿ.

ಇನ್ನೊಂದು ಉತ್ತರ (ಆಲೂರು)

ಮೇಲಿನವರ ಮಾತಿಗೆ ವೇಗದ ವಿಷಯವನ್ನಷ್ಟೇ ಸೇರಿಸುತ್ತೇನೆ. 34 ಮಿ.ಮೀ. ವ್ಯಾಸದ ಸ್ಪೂಲ್ ತುಂಬಿದ್ದಾಗ ಒಂದು ಸುತ್ತಿಗೆ ಸುಮಾರು 10.7 ಸೆಂ.ಮೀ. ದಾರ ಬರುತ್ತದೆ. ಹಿಡಿಕೆಯ ಒಂದು ತಿರುವಿಗೆ 6.3:1ರಲ್ಲಿ ಸುಮಾರು 67, 7.2:1ರಲ್ಲಿ 77, 8.2:1ರಲ್ಲಿ 88 ಸೆಂ.ಮೀ. ಎಳೆಯಬಹುದು. ದೂರ ಎಸೆದು ಸ್ಪೂಲ್ ಅರ್ಧ ಖಾಲಿಯಾದಾಗ ಇದು ಇನ್ನೂ ಕಡಿಮೆಯಾಗುತ್ತದೆ. ಕಪ್ಪೆ ಲ್ಯೂರ್ ಮೇಲೆ ಮುರಲ್ ಎರಗಿದಾಗ ಸಡಿಲ ದಾರವನ್ನು ಬೇಗ ಸುತ್ತಿ, ಮೀನು ಕಳೆಯೊಳಗೆ ನುಗ್ಗುವ ಮುನ್ನ ಎಳೆಯಬೇಕಾದ್ದರಿಂದ 6.3 ನನಗೆ ನಿಧಾನವೆನಿಸಿತು. 8.2ರಲ್ಲಾದರೋ ಆಳಕ್ಕೆ ಮುಳುಗುವ ಲ್ಯೂರ್ ಎಳೆಯುವಾಗ ಕೈ ಸೋಲುತ್ತದೆ. ಅದನ್ನು ನಿಧಾನವಾಗಿ ತರುವುದೂ ಕಷ್ಟ. ಅಮೆರಿಕದ ಬಾಸ್ ಹಿಡಿಯುವವರು ಒಂದೇ ದೋಣಿಯಲ್ಲಿ ಹಲವು ರಾಡ್ ಇಟ್ಟುಕೊಂಡು ಒಂದೊಂದಕ್ಕೆ ಒಂದೊಂದು ವೇಗ ಕೊಡುತ್ತಾರೆ. ನಾವು ಹೊತ್ತು ನಡೆಯುವುದು ಒಂದೇ ರಾಡ್ ಆದ್ದರಿಂದ 7ರ ಆಸುಪಾಸು ಸರಿ. ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ಬಿಗಿ, 5 ಕಿಲೋ ಇದ್ದರೆ ಧಾರಾಳವಾಯಿತು.

ಬ್ರೇಡ್ ಸುತ್ತುವ ಮೊದಲು ಸ್ಪೂಲ್ ಮೇಲೆ ಹತ್ತು ಸುತ್ತು ನೈಲಾನ್ ದಾರ ಹಾಕಿಕೊಳ್ಳಿ. ಇಲ್ಲದಿದ್ದರೆ ಇಡೀ ಬ್ರೇಡ್ ಸ್ಪೂಲ್ ಮೇಲೆ ಜಾರುತ್ತದೆ, ಡ್ರ್ಯಾಗ್ ಕೆಟ್ಟಿತೆಂದು ನಾನು ರೀಲನ್ನೇ ಬಿಚ್ಚಿದ್ದೆ. ಒದ್ದೆ ಬಟ್ಟೆಯಲ್ಲಿ ದಾರವನ್ನು ಹಿಡಿದು ಬಿಗಿಯಾಗಿ ಸುತ್ತಬೇಕು. ಸಡಿಲವಾಗಿ ಸುತ್ತಿದ ಬ್ರೇಡ್, ಮೀನು ಎಳೆದಾಗ ಕೆಳಗಿನ ಸುತ್ತುಗಳೊಳಗೆ ಕಚ್ಚಿಕೊಂಡು, ಮುಂದಿನ ಎಸೆತವನ್ನು ಅರ್ಧದಲ್ಲೇ ತಡೆಯುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದ. ಎರಡು ಭಾನುವಾರ ಹೇಳಿದಂತೆಯೇ ಮಾಡಿದೆ. ಕಪ್ಪೆ ಲ್ಯೂರ್‌ನಲ್ಲಿ ಸಿಕ್ಕು ಬಹುತೇಕ ನಿಂತಿದೆ, ಎಸೆತ ಮಾತ್ರ ಮೊದಲಿಗಿಂತ ಐದಾರು ಮೀಟರ್ ಕಡಿಮೆ. ಈ ರೀಲ್‌ನ ಬ್ರೇಕ್ ಬದಲಿಸಲು ಪ್ರತಿ ಸಲವೂ ಪಕ್ಕದ ಮುಚ್ಚಳ ತೆಗೆಯಬೇಕಾಗಿರುವುದರಿಂದ ಹೊರ ಡಯಲ್‌ನ, 7ರ ವೇಗದ ರೀಲನ್ನೇ ಕೊಳ್ಳಲು ನಿರ್ಧರಿಸಿದ್ದೇನೆ. ಸ್ಪಿನ್ನಿಂಗ್ ರೀಲನ್ನು ನಾನು ಎಡಗೈಯಲ್ಲಿ ಸುತ್ತುತ್ತೇನೆ. ಇದರ ಹಿಡಿಕೆಯನ್ನೂ ಹಾಗೆಯೇ ಬದಲಿಸಿಕೊಳ್ಳಬಹುದೇ?

ಉತ್ತರ (ಚಿಕ್ಕಮಗಳೂರು)

ಆಗದು, ಒಳ್ಳೆಯ ವೇಳೆಗೆ ಕೇಳಿದಿರಿ. ಬೈಟ್‌ಕಾಸ್ಟಿಂಗ್ ರೀಲ್‌ನ ಗೇರುಗಳೆಲ್ಲ ಹಿಡಿಕೆಯ ಬದಿಯಲ್ಲೇ ಇರುವುದರಿಂದ ಅದನ್ನು ಆಚೆ ಬದಿಗೆ ಹಾಕಲು ಬರುವುದಿಲ್ಲ. ಎಡಗೈಯದನ್ನೇ ಕೇಳಿ ಕೊಳ್ಳಬೇಕು. ಶಿಮಾನೊದಲ್ಲಿ ಮಾದರಿಯ ಸಂಖ್ಯೆ 150 ಎಂದರೆ ಬಲಗೈ, 151 ಎಂದರೆ ಎಡಗೈ. ಡೈವಾದಲ್ಲಿ ಮಾದರಿಯ ಹೆಸರಿನ ಕೊನೆಯಲ್ಲಿ ಎಲ್ ಅಕ್ಷರ ಇದ್ದರೆ ಎಡಗೈಯದು. ಹಣ ಕೊಡುವ ಮುನ್ನ ಡಬ್ಬಿಯ ಮೇಲೆ ಇದನ್ನು ಓದಿಕೊಳ್ಳಿ.