ಏಜೆನ್ಸಿ ಮೂಲಕ ಕೆಲಸ, ಕಿರುಕುಳ ಕೊಟ್ಟವನು ಕಂಪನಿಯವನು: ದೂರು ಯಾರಿಗೆ? ಕೋಲಾರದಲ್ಲಿ ಉಚಿತ ವಕೀಲರು ಎಲ್ಲಿ ಸಿಗುತ್ತಾರೆ?

ಮುಳಬಾಗಿಲು_ಸಂಘ
ಏಪ್ರಿಲ್ 9, ಗುರುವಾರ, ರಾತ್ರಿ 8:50

ನಮಸ್ಕಾರ. ನಮ್ಮ ಸ್ತ್ರೀಶಕ್ತಿ ಸಂಘದ ಸದಸ್ಯೆಯೊಬ್ಬರ ಮಗಳ ಪರವಾಗಿ ಕೇಳುತ್ತಿದ್ದೇನೆ. ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಏಜೆನ್ಸಿ ಮೂಲಕ ಕೆಲಸ. ಐಡಿ ಕಾರ್ಡು, ಸಂಬಳ, ಪಿಎಫ್ ಎಲ್ಲ ಏಜೆನ್ಸಿಯದು. ಒಳಗೆ ಕೆಲಸ ಹೇಳುವವರು ಕಂಪನಿಯವರು. ಅವಳ ಲೈನ್ ಲೀಡರ್ ಕಂಪನಿಯ ಪರ್ಮನೆಂಟ್ ಮನುಷ್ಯ. ನವೆಂಬರ್‌ನಿಂದ ಅವನ ವಾಟ್ಸಾಪ್ ಮೆಸೇಜು, ಲೈನಿನಲ್ಲಿ ಮೈಗೆ ತಾಗಿಕೊಂಡು ನಿಲ್ಲುವುದು. ಜನವರಿ 19ರ ರಾತ್ರಿ ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ ಕಂಪನಿ ಬಸ್ಸಿನಲ್ಲೇ ಕೈ ಹಿಡಿದು ಎಳೆದಿದ್ದಾನೆ. ಆಮೇಲೆ ಅವಳು ಲೈನ್ ಬದಲಿಸಿಕೊಂಡಳು, ಮತ್ತೇನೂ ನಡೆದಿಲ್ಲ.

ಫೆಬ್ರವರಿಯಲ್ಲಿ ಎಚ್‌ಆರ್‌ಗೆ ಬಾಯಿಮಾತಿನಲ್ಲಿ ಹೇಳಿದ್ದಾಳೆ. "ನೀನು ನಮ್ಮ ರೋಲ್‌ನಲ್ಲಿಲ್ಲಮ್ಮ, ಏಜೆನ್ಸಿಗೆ ಹೇಳು" ಅಂದರಂತೆ. ಏಜೆನ್ಸಿಯವರು "ಅವನು ಕಂಪನಿಯವನು, ನಮ್ಮ ಮಾತು ಎಲ್ಲಿ ಕೇಳುತ್ತಾನೆ" ಅಂದರು. ಮಾರ್ಚ್ 31ಕ್ಕೆ ಏಜೆನ್ಸಿ ಆಫೀಸಿನಲ್ಲಿ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದಾರೆ. ಏಪ್ರಿಲ್ 1ರಿಂದ ಗೇಟಿನಲ್ಲಿ ಅವಳ ಕಾರ್ಡು ಪಂಚ್ ಆಗುತ್ತಿಲ್ಲ, ಮಾರ್ಚ್ ಸಂಬಳವೂ ಬಂದಿಲ್ಲ.

ದೂರು ಕಂಪನಿಗೋ ಏಜೆನ್ಸಿಗೋ? ಸಮಯ ಮೀರಿತೇ? ಆ ಸಹಿಯಿಂದ ಏನಾಗುತ್ತದೆ? ವಕೀಲರಿಗೆ ಕೊಡುವಷ್ಟು ಹಣ ಅವರ ಹತ್ತಿರ ಇಲ್ಲ.

ಹೊರಸದಸ್ಯೆ
ಏಪ್ರಿಲ್ 9, ರಾತ್ರಿ 9:35

ಮೊದಲು ತಾರೀಖು ನೋಡಿ, ಮಿಕ್ಕಿದ್ದೆಲ್ಲ ಆಮೇಲೆ. ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಪೋಶ್ ಕಾಯ್ದೆಯ ಪ್ರಕಾರ ಕೊನೆಯ ಘಟನೆ ನಡೆದ ದಿನದಿಂದ ಮೂರು ತಿಂಗಳೊಳಗೆ ದೂರು ಬರಹದಲ್ಲಿ ಹೋಗಬೇಕು. ಜನವರಿ 19ಕ್ಕೆ ಲೆಕ್ಕ ಹಾಕಿದರೆ ಏಪ್ರಿಲ್ 19, ಅದು ಭಾನುವಾರ. ನಡುವೆ ಎರಡನೇ ಶನಿವಾರ ಇದೆ, ಮಂಗಳವಾರ ಅಂಬೇಡ್ಕರ್ ಜಯಂತಿ ಇದೆ. ಹತ್ತು ದಿನ ಕಂಡರೂ ಸರ್ಕಾರಿ ಕಚೇರಿ ತೆರೆದಿರುವುದು ಆರೇ ದಿನ. ಸಮಯ ಮೀರಿಲ್ಲ, ಆದರೆ ಕೈಯಲ್ಲಿ ಹೆಚ್ಚೂ ಉಳಿದಿಲ್ಲ.

ಫೆಬ್ರವರಿಯಲ್ಲಿ ಬಾಯಲ್ಲಿ ಹೇಳಿದ್ದು ಅವಧಿಯನ್ನು ನಿಲ್ಲಿಸುವುದಿಲ್ಲ. ತಕ್ಕ ಕಾರಣ ಇದ್ದರೆ ದೂರು ವಿಚಾರಿಸುವ ಸಮಿತಿ ಇನ್ನೊಂದು ಮೂರು ತಿಂಗಳು ಕೊಡಬಹುದು, ಆದರೆ ಅದು ಸಮಿತಿಯ ಇಷ್ಟ, ನಮ್ಮ ಹಕ್ಕಲ್ಲ. ಇನ್ನೂ ಒಂದು ತಪ್ಪು ತಿಳಿವಳಿಕೆ ಇದೆ: "ಏಪ್ರಿಲ್ 1ಕ್ಕೆ ಗೇಟಿನಲ್ಲಿ ತಡೆದರಲ್ಲ, ಅಲ್ಲಿಂದ ಎಣಿಸೋಣ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ವಾದ ಬಂದಿತ್ತು. ಕೊನೆಯ ಕಿರುಕುಳ ಏಪ್ರಿಲ್‌ನಲ್ಲಿ, ದೂರು ಡಿಸೆಂಬರ್‌ನಲ್ಲಿ. ನಡುವೆ ನಡೆದ ಆಡಳಿತದ ಕ್ರಮಗಳನ್ನು ಲೈಂಗಿಕ ಕಿರುಕುಳದ ಮುಂದುವರಿಕೆ ಎಂದು ಕೋರ್ಟ್ ಒಪ್ಪಲಿಲ್ಲ, ದೂರು ಅವಧಿ ಮೀರಿದ್ದೆಂದೇ ಉಳಿಯಿತು.

ಇನ್ನು ಯಾರಿಗೆ ಅನ್ನುವುದು. ಕಂಪನಿಯ ಆಂತರಿಕ ಸಮಿತಿಗೇ, ಅಂದರೆ ಇಂಥ ದೂರು ವಿಚಾರಿಸಲು ಕಂಪನಿಯೊಳಗೇ ಇರಬೇಕಾದ ಸಮಿತಿಗೆ. ಕಾಯ್ದೆಯಲ್ಲಿ "ಉದ್ಯೋಗಿ" ಅಂದರೆ ಏಜೆಂಟ್ ಅಥವಾ ಗುತ್ತಿಗೆದಾರರ ಮೂಲಕ ಬಂದವರೂ ಸೇರಿದ್ದಾರೆ, ಮೂಲ ಮಾಲೀಕರಿಗೆ ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ. ಮಾಲೀಕರು ಒದಗಿಸಿದ ವಾಹನವೂ ಕೆಲಸದ ಸ್ಥಳವೇ, ಹಾಗಾಗಿ ಬಸ್ಸಿನಲ್ಲಿ ನಡೆದದ್ದು "ಗೇಟಿನ ಹೊರಗಿನ ವಿಷಯ" ಆಗುವುದಿಲ್ಲ. ಆ ಲೈನ್ ಲೀಡರ್ ಮೇಲೆ ಕ್ರಮ ತೆಗೆದುಕೊಳ್ಳುವ ಅಧಿಕಾರ ಇರುವುದೂ ಕಂಪನಿಗೇ. "ನಮ್ಮ ರೋಲ್‌ನಲ್ಲಿಲ್ಲ" ಅಂದದ್ದು ಕಾನೂನಿನಲ್ಲಿ ನಿಲ್ಲದ ಮಾತು. ಏಜೆನ್ಸಿಗೂ ಒಂದು ಪ್ರತಿ ಕಳಿಸಿ, ನಾಳೆ ಅವರು ನಮಗೆ ತಿಳಿದೇ ಇರಲಿಲ್ಲ ಅನ್ನಬಾರದು.

ಸಮಿತಿ ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವ ಕಡೆ ಹಾಕುವುದು ಕಂಪನಿಯ ಕರ್ತವ್ಯ. ಒಳಗೆ ಇರುವ ಗೆಳತಿಯರಿಂದ ಬೋರ್ಡಿನಲ್ಲಿರುವ ಅಧ್ಯಕ್ಷೆಯ ಹೆಸರು ಕೇಳಿ ತಿಳಿದುಕೊಳ್ಳಿ. ಮೊಬೈಲ್ ಒಳಗೆ ಬಿಡದಿದ್ದರೆ ಚೀಟಿಯಲ್ಲಿ ಬರೆದು ತರಲಿ. ಬೋರ್ಡೇ ಇಲ್ಲ ಅಂದರೆ ದೂರನ್ನು "ಅಧ್ಯಕ್ಷರು, ಆಂತರಿಕ ಸಮಿತಿ" ಅಂತ ಬರೆದು ಕಳಿಸಿ, ಜೊತೆಗೆ ಜಿಲ್ಲೆಯ ಸ್ಥಳೀಯ ಸಮಿತಿಗೂ ಕೊಡಿ. ಆಂತರಿಕ ಸಮಿತಿ ರಚನೆಯಾಗದ ಕಡೆ ಸ್ಥಳೀಯ ಸಮಿತಿಯೇ ದೂರು ತೆಗೆದುಕೊಳ್ಳಬೇಕು. ಸಮಿತಿ ಮಾಡದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ ಇದೆ.

ದೂರು ಬರೆಯುವಾಗ ಎಡವುವುದು ಎಲ್ಲಿ ಗೊತ್ತೇ? "ನನ್ನೊಂದಿಗೆ ಅಸಭ್ಯವಾಗಿ ವರ್ತಿಸಿದ್ದಾರೆ" ಅಂತ ಒಂದೇ ಸಾಲು ಬರೆದು ಕೊಡುವುದರಲ್ಲಿ. ಅದರಿಂದ ಸಮಿತಿಗೆ ಏನೂ ತಿಳಿಯುವುದಿಲ್ಲ. ಪ್ರತಿ ಘಟನೆಗೂ ತಾರೀಖು, ಸಮಯ, ಜಾಗ, ಅವನು ಮಾಡಿದ್ದು, ಆಡಿದ್ದು. ಆಡಿದ ಮಾತು ನಾಚಿಕೆಯಾದರೂ ಇದ್ದಂತೆಯೇ ಬರೆಯಲಿ. ತೆಲುಗಿನಲ್ಲಿ ಅಂದಿದ್ದರೆ ತೆಲುಗು ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆದು ಕೆಳಗೆ ಅರ್ಥ ಕೊಡಲಿ. ಬಸ್ಸಿನ ನಂಬರು, ಎಷ್ಟನೇ ಸೀಟು, ಕೋಲಾರ ಇನ್ನೂ ಬಂದಿರಲಿಲ್ಲವೋ ದಾಟಿತ್ತೋ, ಪಕ್ಕದಲ್ಲಿ ಯಾರಿದ್ದರು. ತಾರೀಖು ನೆನಪಿಲ್ಲದಿದ್ದರೆ ಊಹಿಸಿ ಬರೆಯಬೇಡಿ, "ದೀಪಾವಳಿ ಆದ ಮೇಲಿನ ವಾರ" ಅಂದರೂ ಸಾಕು. ತಪ್ಪು ತಾರೀಖು ಬರೆದು ಆ ದಿನ ಅವನು ರಜೆಯಲ್ಲಿದ್ದ ಅಂತ ಹಾಜರಿ ಪುಸ್ತಕ ತೋರಿಸಿದರೆ ಇಡೀ ದೂರಿನ ಮೇಲೇ ಅನುಮಾನ ಬರುತ್ತದೆ.

ದೂರಿನ ಆರು ಪ್ರತಿ, ಜೊತೆಗೆ ದಾಖಲೆಗಳು, ಸಾಕ್ಷಿಗಳ ಹೆಸರು ಮತ್ತು ವಿಳಾಸ. ಇದು ನಿಯಮದಲ್ಲೇ ಇದೆ. ಏಳನೆಯದೊಂದು ನಿಮ್ಮ ಕೈಯಲ್ಲಿರಲಿ, ಅದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಗೇಟಿನಲ್ಲಿ ತೆಗೆದುಕೊಳ್ಳದಿದ್ದರೆ ಜಗಳ ಬೇಡ. ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ, ತಲುಪಿದ್ದು ಟ್ರ್ಯಾಕಿಂಗ್‌ನಲ್ಲಿ ಕಂಡಾಗ ಅದರ ಪ್ರಿಂಟ್ ತೆಗೆಸಿ. ಇಮೇಲ್ ಐಡಿ ಸಿಕ್ಕಿದರೆ ಅದಕ್ಕೂ ಕಳಿಸಿ.

ವಾಟ್ಸಾಪ್ ಸ್ಕ್ರೀನ್‌ಶಾಟ್‌ನಲ್ಲಿ ಸೇವ್ ಮಾಡಿದ ಹೆಸರು ಮಾತ್ರ ಕಾಣುತ್ತದೆ. ಹೆಸರಿನ ಮೇಲೆ ಒತ್ತಿ, ನಂಬರು ಕಾಣುವ ಪುಟದ್ದೂ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಅವನನ್ನು ಬ್ಲಾಕ್ ಮಾಡಿ ಪರವಾಗಿಲ್ಲ, ಚಾಟ್ ಮಾತ್ರ ಅಳಿಸಬೇಡಿ. ಆ ಫೋನನ್ನು ಮಾರುವುದು, ರೀಸೆಟ್ ಮಾಡುವುದು ಯಾವುದೂ ಬೇಡ.

ದೂರಿನ ಕೊನೆಗೆ ಒಂದು ಪ್ಯಾರಾ ಮರೆಯದೆ ಸೇರಿಸಿ: ವಿಚಾರಣೆ ಮುಗಿಯುವವರೆಗೆ ಗೇಟ್ ಪಾಸ್ ಮತ್ತೆ ಕೊಡಬೇಕು, ಅವನನ್ನು ಬೇರೆ ಕಡೆ ಹಾಕಬೇಕು, ಇಲ್ಲವೆ ತನಗೆ ಮೂರು ತಿಂಗಳವರೆಗಿನ ರಜೆ ಕೊಡಬೇಕು ಅಂತ. ಮಧ್ಯಂತರ ಪರಿಹಾರ ಬರಹದಲ್ಲಿ ಕೇಳಿದವರಿಗೇ ಸಿಗುವುದು. ಈ ರಜೆ ಅವಳಿಗೆ ಇರುವ ಬೇರೆ ರಜೆಯಲ್ಲಿ ಕಳೆಯುವಂತಿಲ್ಲ.

ಕೋರ್ಟ್_ಆವರಣ
ಏಪ್ರಿಲ್ 9, ರಾತ್ರಿ 10:20

ಮೇಲಿನವರು ಹೇಳಿದ್ದಕ್ಕೆ ವಕೀಲರ ವಿಷಯ ಸೇರಿಸುತ್ತೇನೆ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವಿಗೆ ಆದಾಯದ ಮಿತಿಯೇ ಇಲ್ಲ. ಬಿಪಿಎಲ್ ಕಾರ್ಡು, ಆದಾಯ ಪ್ರಮಾಣಪತ್ರ ತನ್ನಿ ಅಂತ ಯಾರಾದರೂ ಅಲೆಸಿದರೆ ಈ ಕಲಂ ಹೆಸರು ಹೇಳಿ. ಕೋಲಾರದ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ. ಅಷ್ಟು ದೂರ ಬೇಡವೆಂದರೆ ಮುಳಬಾಗಿಲು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಆಧಾರ್ ಪ್ರತಿ ಮತ್ತು ಒಂದು ಅರ್ಜಿ ಸಾಕು, ಅರ್ಜಿ ಬರೆಯಲು ಅಲ್ಲೇ ನೆರವಾಗುತ್ತಾರೆ. ಫೋನಿನಲ್ಲಿ ಕೇಳುವುದಾದರೆ 15100. ನಾಳೆ ಬೆಳಿಗ್ಗೆಯೇ ಹೋಗಿ.

ಒಂದು ಮಾತು ಸ್ಪಷ್ಟ ಇರಲಿ, ಇಲ್ಲದಿದ್ದರೆ ಆಮೇಲೆ ಬೇಸರವಾಗುತ್ತದೆ. ಆಂತರಿಕ ಸಮಿತಿಯ ಮುಂದೆ ವಕೀಲರು ನಿಂತು ವಾದಿಸುವಂತಿಲ್ಲ. ಎರಡೂ ಕಡೆಗೆ ಇದೇ ನಿಯಮ, ಕಂಪನಿ ಲಾಯರೂ ಅಲ್ಲಿ ಅವನ ಪರ ಕೂರುವಂತಿಲ್ಲ. ಪ್ರಾಧಿಕಾರದ ವಕೀಲರಿಂದ ಆಗುವ ಕೆಲಸ ಅದರ ಹಿಂದಿನದು ಮತ್ತು ಮುಂದಿನದು: ದೂರು ತಿದ್ದಿಕೊಡುವುದು, ಅವನ ಉತ್ತರ ಬಂದಾಗ ಕೇಳಬೇಕಾದ ಪ್ರಶ್ನೆ ಬರೆದುಕೊಡುವುದು, ಏಜೆನ್ಸಿಗೆ ನೋಟಿಸು, ಪೊಲೀಸ್ ದೂರು, ಸಮಿತಿಯ ವರದಿ ಸರಿಯಿಲ್ಲದಿದ್ದರೆ 90 ದಿನದೊಳಗೆ ಮೇಲ್ಮನವಿ. ಕೋರ್ಟ್ ಶುಲ್ಕ, ಟೈಪಿಂಗ್, ದೃಢೀಕೃತ ನಕಲು ಯಾವುದಕ್ಕೂ ದುಡ್ಡಿಲ್ಲ. ನೇಮಕವಾದ ವಕೀಲರು ಹಣ ಕೇಳಿದರೆ, ಫೋನ್ ಎತ್ತದಿದ್ದರೆ, ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆದುಕೊಡಿ. ಅವರು ನ್ಯಾಯಾಧೀಶರೇ, ಬೇರೆ ವಕೀಲರನ್ನು ಕೊಡುತ್ತಾರೆ.

ಖಾಲಿ ಹಾಳೆಯ ಸಹಿ: ನಾಳೆ ಅದರ ಮೇಲೆ ರಾಜೀನಾಮೆ ಟೈಪ್ ಆಗಿ ಬರಬಹುದು. ಅದಕ್ಕೆ ಮೊದಲೇ ಏಜೆನ್ಸಿಗೆ ಅವಳ ಪತ್ರ ಹೋಗಲಿ. ನಾಲ್ಕು ಸಾಲು ಸಾಕು: "ಮಾರ್ಚ್ 31ರಂದು ನಿಮ್ಮ ಕಚೇರಿಯಲ್ಲಿ ಇಂಥವರು ಖಾಲಿ ಹಾಳೆಗೆ ನನ್ನ ಸಹಿ ಪಡೆದಿದ್ದಾರೆ. ನಾನು ರಾಜೀನಾಮೆ ಕೊಟ್ಟಿಲ್ಲ. ಕೆಲಸಕ್ಕೆ ಬರಲು ಸಿದ್ಧಳಿದ್ದೇನೆ, ಏಪ್ರಿಲ್ 1ರಿಂದ ಗೇಟಿನಲ್ಲಿ ತಡೆಯಲಾಗುತ್ತಿದೆ. ಆ ಹಾಳೆ ಹಿಂದಿರುಗಿಸಿ." ಇದೂ ಸ್ಪೀಡ್ ಪೋಸ್ಟ್. ಒಂದು ಪ್ರತಿ ಕಂಪನಿಗೆ, ಒಂದು ಕೋಲಾರದ ಕಾರ್ಮಿಕ ಅಧಿಕಾರಿಗೆ. ಕಾರ್ಮಿಕ ಅಧಿಕಾರಿಗೆ ಕೊಡುವುದರಲ್ಲಿ ಮಾರ್ಚ್ ಸಂಬಳದ ಬಾಕಿಯನ್ನೂ ಬರೆಯಿರಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಂತೆ ಕೆಲಸದಿಂದ ತೆಗೆದರೂ ತಾನಾಗಿ ಬಿಟ್ಟರೂ ಎರಡು ಕೆಲಸದ ದಿನದೊಳಗೆ ಸಂಬಳ ಚುಕ್ತಾ ಆಗಬೇಕು. ಗುತ್ತಿಗೆದಾರ ಕೊಡದಿದ್ದರೆ ಕೊಡುವ ಹೊಣೆ ಕಂಪನಿಯದು.

ಸಂಬಳದ ಜಗಳವನ್ನೂ ಕಿರುಕುಳದ ದೂರನ್ನೂ ಒಂದೇ ಕಾಗದದಲ್ಲಿ ಕಲಸಬೇಡಿ. ಹಾಗೆ ಮಾಡಿದರೆ "ದುಡ್ಡಿನ ತಕರಾರಿಗೆ ಹೀಗೆ ಹೇಳುತ್ತಿದ್ದಾಳೆ" ಅನ್ನಲು ಅವರಿಗೆ ದಾರಿ ಸಿಗುತ್ತದೆ.

ರೇಷ್ಮೆಸೀಮೆ
ಏಪ್ರಿಲ್ 10, ಬೆಳಿಗ್ಗೆ 6:45

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇದನ್ನು ಓದುವವರಿಗಾಗಿ. ಶಿಡ್ಲಘಟ್ಟದ ರೀಲಿಂಗ್ ಯೂನಿಟ್ಟುಗಳಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೂತು ನೂಲು ತೆಗೆಯುವ ಹೆಂಗಸರು ಎಷ್ಟೋ ಕಡೆ ಐದಾರೇ ಜನ. ಹತ್ತಕ್ಕಿಂತ ಕಡಿಮೆ ಜನ ಇರುವಲ್ಲಿ ಆಂತರಿಕ ಸಮಿತಿ ಇರುವುದಿಲ್ಲ. ತೊಂದರೆ ಕೊಡುವವನು ಮಾಲೀಕನೇ ಆದರೆ ಎಷ್ಟು ಜನ ಇದ್ದರೂ ಅದು ನೆರವಿಗೆ ಬರುವುದಿಲ್ಲ. ಎರಡಕ್ಕೂ ಜಿಲ್ಲೆಯ ಸ್ಥಳೀಯ ಸಮಿತಿ. ಟೊಮೆಟೊ ಮಂಡಿಯಲ್ಲಿ ಹಣ್ಣು ಆರಿಸುವವರು, ಮನೆಗೆಲಸದವರು ಎಲ್ಲರಿಗೂ ಅದೇ. ಜಿಲ್ಲಾ ಕೇಂದ್ರಕ್ಕೆ ಹೋಗಲೇಬೇಕೆಂದಿಲ್ಲ. ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು, ಅವರು ದೂರು ಪಡೆದು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು. ಯಾರೆಂದು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾ ಅಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಅಲ್ಲಿಯೂ ಸೀಲು ಹಾಕಿದ ಪ್ರತಿ ಇಲ್ಲದೆ ಎದ್ದು ಬರಬೇಡಿ.

ಮುಳಬಾಗಿಲು_ಸಂಘ
ಏಪ್ರಿಲ್ 10, ಬೆಳಿಗ್ಗೆ 8:10

ಎಲ್ಲರಿಗೂ ವಂದನೆ. ಇವತ್ತೇ ಕೋರ್ಟಿಗೆ ಹೊರಟಿದ್ದೇವೆ. ಇನ್ನು ಮೂರು ಅನುಮಾನ. ಹುಡುಗಿ ಓದಿದ್ದು ಏಳನೇ ಕ್ಲಾಸು, ಇಷ್ಟೆಲ್ಲ ಬರೆಯಲಾರಳು. ಎಚ್‌ಆರ್‌ನವರು ನೆನ್ನೆ ರಾತ್ರಿ ಅವರ ಅಪ್ಪನಿಗೆ ಫೋನ್ ಮಾಡಿ, ಬಂದು ಕೂತು ಮಾತಾಡಿ, ಏನಾದರೂ ಕೊಟ್ಟು ಮುಗಿಸೋಣ ಅಂದಿದ್ದಾರೆ. ಸಾಬೀತಾಗದಿದ್ದರೆ ಸುಳ್ಳು ದೂರು ಅಂತ ಇವಳ ಮೇಲೇ ಕೇಸ್ ಬೀಳುತ್ತದೆ ಅಂತಲೂ ಹೆದರಿಸಿದ್ದಾರೆ.

ಹೊರಸದಸ್ಯೆ
ಏಪ್ರಿಲ್ 10, ಬೆಳಿಗ್ಗೆ 9:05

ಬರೆಯಲಾರದವರಿಗೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ ಅಂತ ಕಾಯ್ದೆಯೇ ಹೇಳುತ್ತದೆ. ಆದರೆ ಅದನ್ನು ಕಾಯುತ್ತ ಕೂರಬೇಡಿ, ಅವಳು ಹೇಳಲಿ, ನೀವು ಅವಳ ಮಾತಿನಲ್ಲೇ ಬರೆಯಿರಿ, ಓದಿ ಹೇಳಿ, ಆಮೇಲೆ ಅವಳು ಸಹಿ ಮಾಡಲಿ. ಗ್ರಾಂಥಿಕ ಕನ್ನಡಕ್ಕೆ ತಿರುಗಿಸಬೇಡಿ. ವಿಚಾರಣೆಯಲ್ಲಿ ಕೇಳಿದಾಗ ತನ್ನ ದೂರು ತನಗೇ ಅರ್ಥವಾಗದಂತೆ ಆಗುತ್ತದೆ.

ರಾಜಿ ಮಾತು ಎತ್ತುವ ಹಕ್ಕು ಅವಳೊಬ್ಬಳದು, ಎಚ್‌ಆರ್‌ನದೂ ಅಲ್ಲ, ಅಪ್ಪನದೂ ಅಲ್ಲ. ವಿಚಾರಣೆಗೆ ಮೊದಲು ಅವಳು ಕೇಳಿದರೆ ಮಾತ್ರ ಸಮಿತಿ ರಾಜಿ ಮಾಡಿಸಬಹುದು. ಹಣ ಕೊಟ್ಟು ಮಾಡುವ ರಾಜಿಗೆ ಕಾಯ್ದೆಯಲ್ಲಿ ಜಾಗವಿಲ್ಲ. ಒಮ್ಮೆ ರಾಜಿಯಾದರೆ ಆ ದೂರಿನ ಮೇಲೆ ಮತ್ತೆ ವಿಚಾರಣೆ ಇರುವುದಿಲ್ಲ ಅನ್ನುವುದನ್ನು ಅವಳಿಗೆ ಬಿಡಿಸಿ ಹೇಳಿ. ಅಪ್ಪನವರು ಒಬ್ಬರೇ ಹೋಗುವುದು ಬೇಡ. ಫೋನ್ ಬಂದ ಸಮಯ, ನಂಬರು, ಆಡಿದ ಮಾತು ಈಗಲೇ ಬರೆದಿಡಿ.

ಸುಳ್ಳು ದೂರಿನ ಮಾತು ಬರೀ ಬೆದರಿಕೆ. ಸಾಕ್ಷಿ ಸಾಲಲಿಲ್ಲ ಅನ್ನುವ ಕಾರಣಕ್ಕೆ ದೂರು ಕೊಟ್ಟವಳ ಮೇಲೆ ಕ್ರಮ ಇಲ್ಲ ಅಂತ 14ನೇ ಕಲಮಿನಲ್ಲೇ ಇದೆ. ಬೇಕೆಂದೇ ದುರುದ್ದೇಶದಿಂದ ಕೊಟ್ಟದ್ದೆಂದು ಬೇರೆಯಾಗಿ ವಿಚಾರಣೆ ನಡೆಸಿ ಸಾಬೀತು ಮಾಡಬೇಕು. ಅವಳ ಹೆಸರು, ವಿಳಾಸ ಹೊರಗೆ ಬಿಡುವಂತೆಯೂ ಇಲ್ಲ.

ಕೋರ್ಟ್_ಆವರಣ
ಏಪ್ರಿಲ್ 10, ಬೆಳಿಗ್ಗೆ 9:30

ಪೊಲೀಸ್ ದಾರಿ ಬೇರೆ, ಸಮಿತಿಯ ದಾರಿ ಬೇರೆ. ಎರಡೂ ಒಟ್ಟಿಗೆ ನಡೆಯಬಹುದು, ಒಂದಕ್ಕಾಗಿ ಇನ್ನೊಂದನ್ನು ನಿಲ್ಲಿಸಬೇಕಿಲ್ಲ. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಪ್ರಕಾರ ಮೈಮುಟ್ಟಿ ಕೊಡುವ ಕಿರುಕುಳಕ್ಕೆ ಮೂರು ವರ್ಷದವರೆಗೆ, ಅಶ್ಲೀಲ ಮಾತಿಗೆ ಒಂದು ವರ್ಷದವರೆಗೆ ಶಿಕ್ಷೆ. ಅಲ್ಲಿ ಆ ಮೂರು ತಿಂಗಳ ಗಡುವು ಇಲ್ಲ. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿ ಉಚಿತ. ಹೋಗುವುದೋ ಬಿಡುವುದೋ ಅವಳೇ ತೀರ್ಮಾನಿಸಲಿ, ನಮ್ಮ ಒತ್ತಾಯ ಬೇಡ.

ಹೊರಸದಸ್ಯೆ
ಏಪ್ರಿಲ್ 10, ಬೆಳಿಗ್ಗೆ 9:50

ದೂರು ಕೊಟ್ಟ ಮೇಲಿನ ಲೆಕ್ಕವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ: ಏಳು ಕೆಲಸದ ದಿನದೊಳಗೆ ಅವನಿಗೆ ಪ್ರತಿ ಹೋಗಬೇಕು, ಅದು ಸಿಕ್ಕಿದ ಹತ್ತು ಕೆಲಸದ ದಿನದೊಳಗೆ ಅವನ ಉತ್ತರ, 90 ದಿನದಲ್ಲಿ ವಿಚಾರಣೆ ಮುಗಿಯಬೇಕು, ಆಮೇಲೆ ಹತ್ತು ದಿನದಲ್ಲಿ ವರದಿ ಇವಳ ಕೈಗೂ ಬರಬೇಕು. ಕರೆದ ದಿನ ತಪ್ಪದೆ ಹೋಗಲಿ. ಕಾರಣ ಹೇಳದೆ ಸತತ ಮೂರು ಸಲ ತಪ್ಪಿಸಿದರೆ ನೋಟಿಸು ಕೊಟ್ಟು ವಿಚಾರಣೆಯನ್ನೇ ಮುಗಿಸಬಹುದು.

ವಿಚಾರಣೆಗೆ ಅಧ್ಯಕ್ಷೆಯೂ ಸೇರಿ ಕನಿಷ್ಠ ಮೂರು ಜನ ಸದಸ್ಯರು ಕೂತಿರಬೇಕು. ಎಚ್‌ಆರ್ ಒಬ್ಬರೇ ಕ್ಯಾಬಿನ್‌ಗೆ ಕರೆದು ಕೇಳಿದರೆ ಅದು ವಿಚಾರಣೆಯಲ್ಲ. ಅವನ ಎದುರು ಕೂರಲು ಭಯವಾದರೆ ಬೇರೆ ಬೇರೆಯಾಗಿ ಕೇಳಿ ಅಂತ ಮೊದಲೇ ಬರೆದು ಕೊಡಿ. ಹೇಳಿಕೆ ಬರೆದುಕೊಂಡ ಮೇಲೆ ಪೂರ್ತಿ ಓದಿಸಿ ಕೇಳಲಿ. ಹೇಳದ್ದು ಸೇರಿದ್ದರೆ ತಿದ್ದಿಸಲಿ, ಪ್ರತಿ ಪುಟಕ್ಕೂ ಸಹಿ ಮಾಡಲಿ, ಕೊನೆಯ ಸಾಲಿನ ಕೆಳಗೆ ಖಾಲಿ ಜಾಗ ಉಳಿದಿದ್ದರೆ ಅಡ್ಡಗೆರೆ ಎಳೆದು ಆಮೇಲೆ ಸಹಿ.