ಫೋಟೊ ಮೇಲೆ ಗೆರೆ ಎಳೆದರೆ ಅದು ಚಿತ್ರ ಅನ್ನಿಸಿಕೊಳ್ಳುತ್ತದಾ?

ಬಣ್ಣದಪೆಟ್ಟಿಗೆ: ಎಂಟನೇ ತರಗತಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಈ ಸಲ ಮಕ್ಕಳಿಂದ ಕಂಪ್ಯೂಟರಿನಲ್ಲಿ ಅವರವರ ಮುಖವನ್ನೇ ಸರಳವಾಗಿ ಬಿಡಿಸಬೇಕು ಅಂತಿದ್ದೇನೆ. ತಮ್ಮ ಫೋಟೊವನ್ನು ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪಿನಲ್ಲಿ ಕೆಳಗಿನ ಲೇಯರ್ (ಪದರ) ಮಾಡಿ ಲಾಕ್ ಮಾಡುವುದು. ಅದರ ಮೇಲೆ ಕೂದಲು, ಮುಖ, ನೆರಳು, ಬಟ್ಟೆಗೆ ಒಂದೊಂದು ಲೇಯರ್. ಪೆನ್ ಟೂಲಿನಲ್ಲಿ ಆಕಾರ ಬಿಡಿಸಿ ಬಣ್ಣ ತುಂಬುವುದು. ಒಟ್ಟು ಐದೇ ಬಣ್ಣ. ಕೊನೆಗೆ ಫೋಟೊ ಅಳಿಸುವುದು. ಸ್ಟಾಫ್ ರೂಮಿನಲ್ಲಿ ಒಬ್ಬರು "ಇದು ಬರೀ ಟ್ರೇಸಿಂಗ್" ಅಂದುಬಿಟ್ಟರು. ನೀವೇನಂತೀರಿ?

ಸೀಸದಕಡ್ಡಿ: ಅವರು ಹೇಳಿದ್ದು ಸರಿಯಾಗೇ ಇದೆ ಮೇಡಂ. ಮುಖ ಬರೆಯುವಾಗ ಮೊದಲ ಪಾಠವೇ ಕಣ್ಣು ಎಲ್ಲಿ ಬರುತ್ತದೆ ಅನ್ನುವುದು. ಮಕ್ಕಳು ಹಣೆ ಹತ್ತಿರ ಬರೆದುಬಿಡುತ್ತಾರೆ. ಅಳೆದು ನೋಡಿದರೆ ಕಣ್ಣು ನೆತ್ತಿಗೂ ಗದ್ದಕ್ಕೂ ಸರಿಸುಮಾರು ನಡುವೆ ಇರುತ್ತದೆ. ಇದನ್ನು ಮಗು ತಾನೇ ಕಂಡುಕೊಳ್ಳಬೇಕು. ಕೆಳಗೆ ಫೋಟೊ ಇದ್ದರೆ ಕಂಡುಕೊಳ್ಳುವುದಕ್ಕೆ ಏನು ಉಳಿಯಿತು? ರೆಂಬ್ರಾಂಟ್ ಸುಮಾರು ನಲವತ್ತು ವರ್ಷ ತನ್ನ ಮುಖವನ್ನೇ ಮತ್ತೆ ಮತ್ತೆ ಬರೆದ. ಕನ್ನಡಿ ನೋಡಿಕೊಂಡು!

ಗೆರೆಗಾರ: ಅಳತೆಯನ್ನು ಫೋಟೊ ಕೊಟ್ಟುಬಿಡುತ್ತದೆ, ಒಪ್ಪಿದೆ. ಆದರೆ ಏನು ಬಿಡಬೇಕು ಅನ್ನುವುದನ್ನು ಅದು ಹೇಳುವುದಿಲ್ಲವಲ್ಲ ಸರ್. ಕೆನ್ನೆಯ ಮೇಲೆ ಬೆಳಕು ನಿಧಾನವಾಗಿ ನೆರಳಾಗುತ್ತದೆ, ಅಲ್ಲಿ ಗೆರೆಯೇ ಇಲ್ಲ. ಐದೇ ಬಣ್ಣ ಅಂದಾಗ ಮಗು ಎಲ್ಲೋ ಒಂದು ಕಡೆ ಗಡಿ ಎಳೆಯಲೇಬೇಕು. ಎಲ್ಲಿ? ಮೂಗಿಗೆ ಗೆರೆ ಬೇಕಾ, ಕೆಳಗಿನ ನೆರಳಷ್ಟೇ ಸಾಕಾ? ಹಲ್ಲು ಒಂದೊಂದಾಗಿ ಬಿಡಿಸಿದರೆ ನಗು ಭಯಾನಕವಾಗುತ್ತದೆ, ಒಂದು ಬಿಳಿ ಪಟ್ಟಿ ಸಾಕು. ಇದೆಲ್ಲ ತೀರ್ಮಾನ ಮಾಡುವುದು ಮಗುವೇ. ಬ್ರಿಟಿಷ್ ಕಲಾವಿದ ಜೂಲಿಯನ್ ಓಪಿ 2000ರಲ್ಲಿ ಬ್ಲರ್ ಬ್ಯಾಂಡಿನ ಆಲ್ಬಮ್‌ಗೆ ಮಾಡಿದ ನಾಲ್ಕು ಮುಖ ನೋಡಿ. ದಪ್ಪ ಗೆರೆ, ಚಪ್ಪಟೆ ಬಣ್ಣ, ಕಣ್ಣಿಗೆ ಚುಕ್ಕೆ. ಓಪಿ ಶುರುಮಾಡುವುದೂ ಫೋಟೊದಿಂದಲೇ.

ಸೀಸದಕಡ್ಡಿ: ಓಪಿಗೆ ಮುಖ ಬರೆಯುವುದು ಮೊದಲೇ ಗೊತ್ತಿತ್ತು. ಎಂಟನೇ ಕ್ಲಾಸಿನ ಹುಡುಗ ಫೋಟೊವನ್ನು ತಾನಾಗಿಯೇ ಆಕಾರಗಳಾಗಿ ಬದಲಿಸುವ ಟ್ರೇಸ್ ಬಿಟ್‌ಮ್ಯಾಪ್ ಒತ್ತಿ, ಆಯ್ತು ಮಿಸ್ ಅನ್ನುತ್ತಾನೆ.

ಗೆರೆಗಾರ: ಒತ್ತಲಿ ಬಿಡಿ, ಒಂದು ಸಲ ಒತ್ತಿಸಿಯೇ ತೋರಿಸಬೇಕು. ಆ ಲೆಕ್ಕ ನಡೆಯುವುದು ಬರೀ ಬೆಳಕು ಮತ್ತು ಬಣ್ಣದ ಮೇಲೆ. ಅದಕ್ಕೆ ಹುಬ್ಬೂ ಒಂದೇ, ಹಿಂದಿನ ಗೋಡೆಯ ನೆರಳೂ ಒಂದೇ. ಕೂದಲು ಕಪ್ಪು ಅಂಗಿಗೆ ಅಂಟಿಕೊಂಡು ಒಂದೇ ಮುದ್ದೆಯಾಗಿ ಬರುತ್ತದೆ. ಅದನ್ನು ಪಕ್ಕದಲ್ಲಿಟ್ಟು "ಇದರಲ್ಲಿ ಏನು ಸರಿಯಿಲ್ಲ?" ಅಂತ ಕೇಳಿದರೆ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಇನ್ನೊಂದು. ಮಕ್ಕಳು ಪೆನ್ ಟೂಲಿನಲ್ಲಿ ಇರುವೆ ಸಾಲಿನ ಹಾಗೆ ನೋಡ್ (ಗೆರೆಯ ಬಿಂದು) ಹಾಕುತ್ತಾ ಹೋಗುತ್ತಾರೆ. ಗೆರೆ ಗರಗಸವಾಗುತ್ತದೆ. ತಿರುವು ಬದಲಾಗುವ ಕಡೆ ಮಾತ್ರ ಕ್ಲಿಕ್ ಮಾಡಿ, ಹಾಗೇ ಹಿಡಿದು ಎಳೆಯುವುದನ್ನು ಮೊದಲು ಕಲಿಸಿ. ಅದು ಬೆಜಿಯರ್ ಗೆರೆ. ಕಾರಿನ ಮೈ ವಿನ್ಯಾಸಕ್ಕೆ 1960ರ ದಶಕದಲ್ಲಿ ರೆನೊ ಕಂಪನಿಯ ಪಿಯರ್ ಬೆಜಿಯರ್ ಬಳಕೆಗೆ ತಂದದ್ದು. ಕೆಲವೇ ಬಿಂದುಗಳಲ್ಲಿ ನುಣುಪಾದ ತಿರುವು ಸಿಗಬೇಕು ಅನ್ನುವುದೇ ಅದರ ಉದ್ದೇಶ.

ಚೌಕದರಾಣಿ: ನಾನು ಪೆನ್ ಟೂಲಿನ ತಂಟೆಗೇ ಹೋಗುವುದಿಲ್ಲ. 32x32 ಚೌಕಗಳ ಜಾಲದಲ್ಲಿ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಮುಖ ಮಾಡುತ್ತೇನೆ, ಎರಡೇ ಬಣ್ಣ. ವಿನ್ಯಾಸಕಿ ಸೂಸನ್ ಕೇರ್ 1984ರ ಆಪಲ್ ಕಂಪ್ಯೂಟರ್ ಮ್ಯಾಕಿಂಟಾಷ್‌ಗೆ ಐಕಾನ್ ಮಾಡಿದ್ದು ಇಷ್ಟೇ ಜಾಗದಲ್ಲಿ, ಅದೂ ಗ್ರಾಫ್ ಕಾಗದದ ಮೇಲೆ. ಇಲ್ಲಿ ಟ್ರೇಸ್ ಮಾಡಿದರೂ ದಕ್ಕುವುದು ಕಡಿಮೆ. ಕಣ್ಣಿಗೆ ಸಿಗುವುದು ಎರಡೋ ಮೂರೋ ಚೌಕ. ಒಂದು ಚೌಕ ಆಚೀಚೆ ಆದರೆ ಮುಖವೇ ಬೇರೆ.

ಆಗ ಮಕ್ಕಳು ಹುಬ್ಬನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು! 2003ರಲ್ಲಿ ಬಂದ ಒಂದು ಸಂಶೋಧನೆಯಲ್ಲಿ ಪ್ರಸಿದ್ಧರ ಫೋಟೊಗಳಿಂದ ಒಮ್ಮೆ ಕಣ್ಣು, ಒಮ್ಮೆ ಹುಬ್ಬು ಅಳಿಸಿ ತೋರಿಸಿದರು. ಹುಬ್ಬಿಲ್ಲದ ಮುಖವನ್ನು ಗುರುತು ಹಿಡಿಯುವುದೇ ಜಾಸ್ತಿ ಕಷ್ಟವಾಯಿತು.

ಎಂಟನೇಕ್ಲಾಸಮ್ಮ: ನಾನು ಟೀಚರ್ ಅಲ್ಲ, ತಾಯಿ. ಈ ವಯಸ್ಸಿನ ಮಕ್ಕಳಿಗೆ ತಮ್ಮ ಮುಖ ನೋಡಿಕೊಳ್ಳುವುದೇ ಹಿಂಸೆ. ನನ್ನ ಮಗಳು ಫೋಟೊ ಅಂದರೆ ಕೈ ಅಡ್ಡ ಹಿಡಿಯುತ್ತಾಳೆ. ಐದು ಬಣ್ಣ ಅಂದರೆ ಮೊಡವೆ ಹೋಗುತ್ತದೆ, ಸಂತೋಷ. ಆದರೆ ಕೆನ್ನೆ ಸಣ್ಣ ಮಾಡಿ, ಬಣ್ಣ ಬೆಳ್ಳಗೆ ಮಾಡಿಕೊಂಡು ಕೂತರೆ? ಆಮೇಲೆ ಆ ಫೋಟೊಗಳೆಲ್ಲ ಲ್ಯಾಬಿನ ಕಂಪ್ಯೂಟರಿನಲ್ಲೇ ಉಳಿಯುತ್ತವಾ?

ಬಣ್ಣದಪೆಟ್ಟಿಗೆ: ಕ್ಲಾಸ್ ಮುಗಿದ ಮೇಲೆ ಫೋಟೊ ಒಂದೂ ಉಳಿಯದ ಹಾಗೆ ನಾನೇ ನೋಡಿಕೊಳ್ಳುತ್ತೇನೆ ಮೇಡಂ. ಬಣ್ಣದ ವಿಷಯ ನನಗೂ ತಲೆ ತಿನ್ನುತ್ತಿದೆ. ಫೋಟೊದಿಂದ ಬಣ್ಣ ಎತ್ತಿಕೊಳ್ಳುವ ಡ್ರಾಪರ್ ಟೂಲಿನಲ್ಲಿ ಹಣೆ ಮುಟ್ಟಿದರೆ ಒಂದು ಬಣ್ಣ, ಕತ್ತು ಮುಟ್ಟಿದರೆ ಇನ್ನೊಂದು. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಎಲ್ಲರೂ ಹಸಿರು ಹಸಿರು.

ಚೌಕದರಾಣಿ: ಇಮೋಜಿಗೂ ಚರ್ಮದ ಐದು ಬಣ್ಣ ಬಂದದ್ದು 2015ರಲ್ಲಿ. ಅಲ್ಲಿಯವರೆಗೆ ಹಳದಿ ಮುಖದಲ್ಲೇ ಹೆಚ್ಚುಕಡಿಮೆ ಕಾಲ ತಳ್ಳಿದೆವು.

ಗೆರೆಗಾರ: ಚರ್ಮದ ಬಣ್ಣದ ಗೋಜೇ ಬೇಡ ಅನ್ನಿಸುತ್ತದೆ. ನೀಲಿಯೋ ನೇರಳೆಯೋ, ಮಗು ಆರಿಸಿಕೊಳ್ಳಲಿ. ಷರತ್ತು ಒಂದೇ. ಫೋಟೊದಲ್ಲಿ ಗಾಢವಾಗಿದ್ದ ಕಡೆ ಗಾಢ ಬಣ್ಣ, ತಿಳಿಯಾಗಿದ್ದ ಕಡೆ ತಿಳಿ ಬಣ್ಣ. ಕೊನೆಗೆ ಎಲ್ಲವನ್ನೂ ಕಪ್ಪುಬಿಳುಪು ಮಾಡಿ ನೋಡಿದರೆ ಮುಖ ಹಾಗೇ ಕಾಣಬೇಕು. ಕಾಣದಿದ್ದರೆ ಎರಡು ಬಣ್ಣ ಒಂದೇ ಗಾಢತೆಯಲ್ಲಿವೆ ಅಂತ ಅರ್ಥ.

ಎಂಟನೇಕ್ಲಾಸಮ್ಮ: ನೇರಳೆ ಮುಖ ಅಂದರೆ ನನ್ನ ಮಗಳೂ ಕೂರುತ್ತಾಳೆ. ಆದರೆ ಬೆಳ್ಳಗೆ ಮಾಡಿಕೊಳ್ಳುವ ಆಸೆ ಅದರಿಂದ ಹೋಗುವುದಿಲ್ಲ, ಮುಚ್ಚಿಹೋಗುತ್ತದೆ ಅಷ್ಟೇ ಅಲ್ವಾ?

ಸೀಸದಕಡ್ಡಿ: ಆ ಅಮ್ಮ ಕೇಳಿದ ಪ್ರಶ್ನೆಗೆ ಯಾವ ಟೂಲೂ ಉತ್ತರ ಕೊಡುವುದಿಲ್ಲ. ಗಾಢ, ತಿಳಿ ನೋಡಿ ಬರೆಯುವುದು ಮಾತ್ರ ನಿಜವಾದ ಪಾಠ, ಅದಕ್ಕೆ ನನ್ನ ತಕರಾರಿಲ್ಲ. ನನ್ನ ಹಟ ಒಂದೇ. ಫೋಟೊ ತೆರೆಯುವ ಮೊದಲು ಒಂದು ಪೀರಿಯಡ್ ಕನ್ನಡಿ, ಪೆನ್ಸಿಲ್, ಕಾಗದ. ಕೆಟ್ಟದಾಗಿ ಬಂದರೂ ಬರಲಿ.

ಬಣ್ಣದಪೆಟ್ಟಿಗೆ: ಕೊಟ್ಟೆ ಸರ್, ಒಂದು ಪೀರಿಯಡ್. ಆಮೇಲೆ ಫೋಟೊ. ಕೆಲಸದ ನಡುನಡುವೆ ಲೇಯರ್ ಪಕ್ಕದ ಕಣ್ಣಿನ ಗುರುತು ಒತ್ತಿ ಫೋಟೊ ಮರೆಮಾಡಿ ನೋಡಲು ಹೇಳುತ್ತೇನೆ. ಕೊನೆಗೆ ಹೆಸರಿಲ್ಲದೆ ಗೋಡೆಗೆ ಅಂಟಿಸುವುದು. ಯಾರ ಮುಖ ಅಂತ ಗೆಳೆಯರು ಹೇಳಬೇಕು.

ಸೀಸದಕಡ್ಡಿ: ಹಾಗಾದರೆ ಕನ್ನಡಕ ಹಾಕುವ ಮಕ್ಕಳು ಸುಮ್ನೆ ಪಾಸ್!

ಬಣ್ಣದಪೆಟ್ಟಿಗೆ: ಕನ್ನಡಕಕ್ಕೆ ಬೇರೆ ಲೇಯರ್ ಮಾಡಿಸುತ್ತೇನೆ. ಅದಿಲ್ಲದ ಪ್ರಿಂಟ್ ಮೊದಲು ಗೋಡೆಗೆ.